‘ನಿಮ್ಮ ಕೃತಿ ಆಯ್ಕೆಯಾಗಿದೆ’: ಒಂದು ಪತ್ರಕ್ಕೆ ಕಲ್ಯಾಣದ ಟೀಕೆ

ಹುಮನಾಬಾದಿನ ನಿವೃತ್ತ ಮಾಸ್ತರರೊಬ್ಬರು ಸಸ್ತಾಪುರ ಬಂಗ್ಲಾದಲ್ಲಿ ಬಸ್ಸಿಳಿದು, ಟಂಟಂ ಹತ್ತಿ, ಮಳೆಯಲ್ಲಿ ಅರ್ಧ ತೊಯ್ದು ಬಸವಕಲ್ಯಾಣದ ನನ್ನ ಡಿಟಿಪಿ ಅಂಗಡಿಗೆ ಬಂದರು. ಕೊಡೆ ಮಡಚುವ ಮೊದಲೇ ಮೊಬೈಲು ಮುಂದೆ ಹಿಡಿದು, ‘ಇದು ಖರೇನೊ ಖೊಟ್ಟಿನೊ ನೋಡಿ ಹೇಳ್ರಿ’ ಅಂದರು.

ಅವರ ಎರಡು ಪುಸ್ತಕಗಳಿಗೆ ಅಕ್ಷರ ಕೂಡಿಸಿ ಪುಟ ಕಟ್ಟಿದವನು ನಾನು. ಒಂದು ಪ್ರಬಂಧಗಳದು, ಇನ್ನೊಂದು ಆಧುನಿಕ ವಚನಗಳದು. ಪ್ರಕಟಿಸಿದವರು ನಮ್ಮ ಭಾಗದ ಸಣ್ಣ ಪ್ರಕಾಶಕರು, ಹೆಸರು ಬೇಡ. ಅವರು ತೀರಿಕೊಂಡರು. ಮಕ್ಕಳು ಪರಊರಲ್ಲಿ, ಬೇರೆ ಉದ್ಯೋಗದಲ್ಲಿ. ಗೋದಾಮಿನ ಬಾಡಿಗೆ ಏರುತ್ತಿತ್ತು, ಉಳಿದ ಪ್ರತಿಗಳು ತೂಕಕ್ಕೆ ಹೋದವು. ಶಟರಿನ ಮೇಲೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ಬಿದ್ದು ಎರಡು ವಾರವೂ ಆಗಿರಲಿಲ್ಲ, ಅವರ ಲೇಖಕರಿಗೆಲ್ಲ ಒಂದೇ ಧಾಟಿಯ ವಾಟ್ಸಾಪ್ ಪತ್ರಗಳು ಬರತೊಡಗಿದವು. ‘ನನ್ನ ನಂಬರು ಅವರಿಗೆ ಹ್ಯಾಂಗ ಸಿಕ್ಕಿತು’ ಎಂದು ಮಾಸ್ತರರಿಗೆ ಅಚ್ಚರಿ. ಕನ್ನಡ ಪುಸ್ತಕದ ಎರಡನೇ ಪುಟ ತೆಗೆದರೆ ಲೇಖಕರ ಹೆಸರು, ಓಣಿ, ಮೊಬೈಲು ಎಲ್ಲ ಅಲ್ಲೇ ಇರುತ್ತದೆ. ಕೊನೆಯ ಪುಟದಲ್ಲಿ ‘ನಮ್ಮ ಇತರ ಪ್ರಕಟಣೆಗಳು’ ಎಂಬ ಪಟ್ಟಿ. ಬೇಟೆಗಾರನಿಗೆ ನಕ್ಷೆಯನ್ನು ನಾವೇ ಅಚ್ಚು ಹಾಕಿ ಕೊಟ್ಟಿರುತ್ತೇವೆ.

ಟೀಕೆ ಬರೆಯುವುದು ಈ ಊರಿಗೆ ಹೊಸದಲ್ಲ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರೊಳಗೆ, ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದದ್ದು ಇದೇ ಕಲ್ಯಾಣದಲ್ಲಿ. ಯಾಜ್ಞವಲ್ಕ್ಯ ಸ್ಮೃತಿಗೆ ಸಾಲುಸಾಲಿಗೆ ಬರೆದ ವ್ಯಾಖ್ಯಾನವದು; ಮನೆತನದ ಆಸ್ತಿ ಪಾಲಾಗುವ ಕೋರ್ಟುಗಳಲ್ಲಿ ಇವತ್ತಿಗೂ ಅದರ ಹೆಸರು ಕೇಳಿಬರುತ್ತದೆ. ಅದರ ವ್ಯವಹಾರ ಭಾಗದಲ್ಲಿ ಸಾಲ ಕೊಡುವುದರ ಬಗ್ಗೆ, ಸಾಕ್ಷಿಯ ಬಗ್ಗೆ ಪ್ರಕರಣಗಳಿವೆ. ‘ಲೇಖ್ಯ’ಕ್ಕೆ, ಎಂದರೆ ಬರೆದ ಕಾಗದಕ್ಕೆ, ಒಂದು ಪ್ರಕರಣವೇ ಇದೆ. ಕಾಗದದಲ್ಲಿ ವರ್ಷ, ತಿಂಗಳು, ಪಕ್ಷ, ದಿನ ಇರಬೇಕು. ಕೊಟ್ಟವನ ಹೆಸರು, ಪಡೆದವನ ಹೆಸರು, ಅವರವರ ತಂದೆಯ ಹೆಸರು ಇರಬೇಕು. ಪಡೆದವನು ಸ್ವಂತ ಕೈಯಿಂದ ಒಪ್ಪಿಗೆ ಬರೆಯಬೇಕು, ಸಾಕ್ಷಿಗಳು ಬರೆಯಬೇಕು, ಕೊನೆಯಲ್ಲಿ ಕಾಗದ ಬರೆದ ಲೇಖಕನೂ ತನ್ನ ಹೆಸರು ಹಾಕಬೇಕು. ಆ ಮುದುಕ ಶಾಸ್ತ್ರಿಯ ಮುಂದೆ ಮಾಸ್ತರರ ಮೊಬೈಲಿನ ಪತ್ರ ಹಿಡಿದರೆ ಏನಾಗುತ್ತದೆ ನೋಡೋಣ ಎಂದು ಕೂತೆ.

ಕೆಳಗಿನ ಸಾಲುಗಳು ಯಾವುದೋ ಒಂದು ಸಂಸ್ಥೆಯವಲ್ಲ. ಇಂಥ ಪತ್ರಗಳ ಧಾಟಿ ಹಿಡಿದು ನಾನೇ ಹೊಲಿದ ಕೌದಿ ಇದು. ಅಂಕಿಗಳೂ ಲೆಕ್ಕಕ್ಕೆಂದು ಇಟ್ಟವು.

‘ಪೂಜ್ಯ ಸಾಹಿತಿಗಳೇ, ಶರಣು ಶರಣಾರ್ಥಿ.’

ಬಸವಕಲ್ಯಾಣ, ಹುಮನಾಬಾದು, ಭಾಲ್ಕಿ ಎಂದಮೇಲೆ ‘ಶರಣು’ ಎನ್ನಬೇಕು ಎಂಬಷ್ಟು ಹೋಂವರ್ಕು ಮಾಡಿದ್ದಾರೆ. ಕವಿಯಾದ ನನ್ನ ಮುಸಲ್ಮಾನ ಗೆಳೆಯನಿಗೂ ಇದೇ ‘ಶರಣು ಶರಣಾರ್ಥಿ’ ಬಂದಿತ್ತು. ಅವನಿಗೆ ಅದು ಖುಷಿಯೇ ಆಯಿತು ಅನ್ನಿ. ಕೊರತೆ ಇರುವುದು ‘ಪೂಜ್ಯ ಸಾಹಿತಿಗಳೇ’ ಎಂಬಲ್ಲಿ. ಯಾವ ಸಾಹಿತಿ? ಪಡೆಯುವವನ ಹೆಸರಿಲ್ಲ. ಮಿತಾಕ್ಷರಾ ಪ್ರಕಾರ ಕಾಗದ ಇಲ್ಲಿಗೇ ಅರ್ಧ ಸತ್ತಿತು.

‘ನಿಮ್ಮ ಪ್ರಕಾಶನ ಸಂಸ್ಥೆ ಮುಚ್ಚಿದ ಸುದ್ದಿ ತಿಳಿದು ನಮ್ಮ ಮನಸ್ಸಿಗೆ ಅತೀವ ನೋವಾಗಿದೆ.’

ನೋವು ನಿಜವೇ ಇರಬಹುದು. ಆದರೆ ಮಣ್ಣಿಗೆ ಬಂದವರು ಮನೆಯ ಚೌಕಾಸಿ ಮಾಡುವುದಿಲ್ಲ.

ಜಗತ್ತಿನಲ್ಲೂ ಇದರ ಕ್ರಮ ಹೀಗೇ. ಅಮೆರಿಕದ ಓಕ್ಲಹೋಮಾದಲ್ಲಿ ಟೇಟ್ ಪಬ್ಲಿಷಿಂಗ್ ಎಂಬ ಸಂಸ್ಥೆ ಇತ್ತು. ಲೇಖಕರಿಂದಲೇ ಸುಮಾರು 4,000 ಡಾಲರ್ ಕಟ್ಟಿಸಿಕೊಂಡು ಪುಸ್ತಕ ಮಾಡುತ್ತಿತ್ತು. 2017ರ ಜನವರಿಯಲ್ಲಿ ಬಾಗಿಲು ಹಾಕಿತು. ತಮ್ಮ ಪುಸ್ತಕದ ಫೈಲು ಬೇಕೆಂದವರು ಮತ್ತೆ 50 ಡಾಲರ್ ಕೊಡಬೇಕು ಎಂದಿತು. ಹೀಗೆ ನಡುದಾರಿಯಲ್ಲಿ ಉಳಿದವರ ಸುತ್ತ, ಹಣ ಕೇಳುವ ಬೇರೆ ಪ್ರಕಾಶಕರು ನೆರೆಯತೊಡಗಿದರು. ಅಲ್ಲಿ ‘ರೈಟರ್ ಬಿವೇರ್’ ಎಂಬ ಹೆಸರಿನಲ್ಲಿ ವಿಕ್ಟೋರಿಯಾ ಸ್ಟ್ರಾಸ್ ಎಂಬ ಲೇಖಕಿ ಇಂಥವರ ಮೇಲೆ ವರ್ಷಗಳಿಂದ ಕಣ್ಣಿಟ್ಟು, ಕೂಗಿ ಹೇಳುತ್ತ ಬಂದಿದ್ದಾರೆ. ನಮಗೆ ಅಂಥ ಕಾವಲಿಲ್ಲ. ಕಟ್ಟೆಯ ಮೇಲಿನ ಮಾತೇ ಕಾವಲು.

ನಮ್ಮ ದೇಶದ್ದೇ ಬೇರೆ ಬಗೆಯ ಉದಾಹರಣೆ ಉಂಟು. 2022ರ ಫೆಬ್ರವರಿ ಮೊದಲ ದಿನ ವೆಸ್ಟ್‌ಲ್ಯಾಂಡ್ ಪ್ರಕಾಶನವನ್ನು ಮುಚ್ಚುವುದಾಗಿ ಅದರ ಒಡೆಯ ಅಮೆಜಾನ್ ಹೇಳಿತು. ಪುಸ್ತಕಗಳು ಸಿಗುವುದು ಮಾರ್ಚ್ ಕೊನೆಯವರೆಗೆ ಎಂದಾಗ ಓದುಗರು ಅಂಗಡಿಗೆ ಮುಗಿಬಿದ್ದರು. ಲೇಖಕರಿಗೆ ಹಕ್ಕು ಮರಳಿತು, ದೊಡ್ಡ ಹೆಸರಿನವರು ಬೇರೆ ಪ್ರಕಾಶಕರಲ್ಲಿಗೆ ಹೋದರು, ಅದೇ ತಂಡ ಕೆಲ ತಿಂಗಳಲ್ಲಿ ಪ್ರತಿಲಿಪಿ ಎಂಬ ಕಥಾತಾಣದ ಜೊತೆ ಸೇರಿ ಮತ್ತೆ ಎದ್ದು ನಿಂತಿತು. ಅಲ್ಲಿ ಮುಚ್ಚುವುದಕ್ಕೂ ಒಂದು ಪತ್ರವಿತ್ತು, ತಾರೀಖಿತ್ತು. ನಮ್ಮ ಕಡೆ ಪ್ರಕಾಶನ ಮುಚ್ಚಿದ್ದಕ್ಕೆ ದಾಖಲೆ ಎಂದರೆ ಶಟರಿಗೆ ಹಾಕಿದ ಬೀಗ.

‘ನಿಮ್ಮ ಕೃತಿಯನ್ನು ನಮ್ಮ ಸಂಪಾದಕ ಮಂಡಳಿ ಸರ್ವಾನುಮತದಿಂದ ಆಯ್ಕೆ ಮಾಡಿದೆ.’

ಅರ್ಜಿ ಹಾಕದವನಿಗೆ ನೌಕರಿ ಆದೇಶ! ಮಾಸ್ತರರು ಯಾರಿಗೂ ಹಸ್ತಪ್ರತಿ ಕಳಿಸಿರಲಿಲ್ಲ. ಯಾವ ಪುಸ್ತಕ ಆಯ್ಕೆಯಾಗಿದೆ ಕೇಳಿ ನೋಡ್ರಿ ಅಂದೆ. ಕೇಳಿದರು. ‘ನಿಮ್ಮ ಕಾದಂಬರಿ’ ಎಂದು ಉತ್ತರ ಬಂತು. ಮಾಸ್ತರರು ಬದುಕಿನಲ್ಲಿ ಕಾದಂಬರಿ ಬರೆದವರಲ್ಲ.

ಇಷ್ಟಾದರೂ ಅವರ ಮುಖ ಪೂರ್ತಿ ಇಳಿಯಲಿಲ್ಲ ಎಂಬುದನ್ನು ಬರೆಯದಿದ್ದರೆ ಈ ಟೀಕೆ ಸುಳ್ಳಾಗುತ್ತದೆ. ‘ಆಯ್ಕೆ’ ಎಂಬ ಶಬ್ದದ ಹಸಿವು ನಮ್ಮ ಕಡೆ ಹಳೆಯದು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅಂಥ ನೆಲದಲ್ಲಿ ಕನ್ನಡದಲ್ಲಿ ಒಂದು ಪುಸ್ತಕ ಬರೆದೆ ಎನ್ನುವುದೇ ತಂದೆ-ತಾತಂದಿರಿಗೆ ಹೇಳಿಕೊಳ್ಳುವ ಮಾತು. ಸೊಲ್ಲಾಪುರದಿಂದ ಬಂದು ಕೊನೆಗಾಲದಲ್ಲಿ ಬಸವಕಲ್ಯಾಣದಲ್ಲೇ ನೆಲೆಸಿದ್ದ ಜಯದೇವಿತಾಯಿ ಲಿಗಾಡೆ 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠಕ್ಕೆ ಏರಿದ ಮೊದಲ ಹೆಣ್ಣುಮಗಳು. ನಮ್ಮಲ್ಲಿ ಅದನ್ನು ಇನ್ನೂ ನಿನ್ನೆ ಆದಂತೆ ಹೇಳುತ್ತಾರೆ, ಯಾಕೆಂದರೆ ಅಂಥ ಕರೆ ಈ ದಿಕ್ಕಿಗೆ ಬರುವುದು ಕಡಿಮೆ. ಸಂವಿಧಾನಕ್ಕೆ 371-ಜೆ ಸೇರಿತು, ನೌಕರಿಗೆ ಸೀಟಿಗೆ ಪಾಲು ಬಂತು. ಪುಸ್ತಕ ಓದಿ ‘ಚಲೋ ಅದ’ ಎಂದು ಬೆಂಗಳೂರಿನಿಂದ ಬರುವ ಒಂದು ಫೋನಿಗೆ ಯಾವ ಕಲಮಿನಲ್ಲೂ ಪಾಲಿಲ್ಲ. ಪತ್ರ ಬರೆದವನು ಕೈ ಹಾಕಿರುವುದು ಜೇಬಿಗಿಂತ ಮೊದಲು ಅಲ್ಲಿಗೆ.

‘ತಡಮಾಡಿದರೆ ನಿಮ್ಮ ಕೃತಿಯ ಹಕ್ಕು ಸಾಲಗಾರರ ಪಾಲಾಗಬಹುದು. ಕಾನೂನು ತೊಡಕು ಬಿಡಿಸಿ ಹಕ್ಕನ್ನು ನಿಮಗೆ ಮರಳಿಸುವುದು ನಮ್ಮ ಹೊಣೆ.’

ಇಡೀ ಪತ್ರದ ಬೆನ್ನೆಲುಬು ಈ ಸಾಲು. ಹೆದರಿಕೆ ಇಲ್ಲಿದೆ, ಉಳಿದದ್ದೆಲ್ಲ ಅದಕ್ಕೆ ಸುತ್ತಿದ ಬಣ್ಣದ ಕಾಗದ.

ಹಕ್ಕು ಹೋಗಬೇಕಾದರೆ ಮೊದಲು ಕೊಟ್ಟಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಹೇಳುವುದು ಸರಳ: ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಕೊಡುವವನ ಸಹಿ ಇರಬೇಕು, ಬಾಯಿಮಾತು ನಡೆಯದು. ನಮ್ಮ ಸಣ್ಣ ಪ್ರಕಾಶಕರಲ್ಲಿ ಕರಾರು ಬರೆಸಿಕೊಂಡವರು ಎಷ್ಟು ಮಂದಿ? ‘ಚಹಾ ಕುಡೀರಿ ಸರ್, ಪುಸ್ತಕ ಮಾಡೋಣ’ ಎಂಬುದೇ ಕರಾರು. ನಾವು ಇಷ್ಟು ದಿನ ಇದನ್ನು ಅಶಿಸ್ತು ಎಂದು ಬಯ್ಯುತ್ತಿದ್ದೆವು, ನಾನೂ ಬೈದಿದ್ದೇನೆ. ಪ್ರಕಾಶನ ಮುಳುಗಿದ ದಿನ ಆ ಅಶಿಸ್ತೇ ಲೇಖಕನನ್ನು ಕಾಯುತ್ತದೆ. ಬರೆದು ಕೊಟ್ಟಿಲ್ಲ, ಹಾಗಾಗಿ ಹಕ್ಕು ಮನೆ ಬಿಟ್ಟು ಹೋಗೇ ಇಲ್ಲ.

ಕೇಳುವವರು ಕೇಳಬಹುದು: ‘ಕರಾರು ಬರೆದು ಸಹಿ ಹಾಕಿದ್ದರೆ?’ ಆಗ ಆ ಕಾಗದ ತೆಗೆದು ಕೂತು ಓದಬೇಕು. ಇಲ್ಲಿ ಧೈರ್ಯ ಹೇಳಿ ಕಳಿಸುವುದು ತಪ್ಪು. ಬರೆದುಕೊಟ್ಟ ಹಕ್ಕು ಪ್ರಕಾಶಕನ ಸ್ವತ್ತು, ಅವನ ವಾರಸುದಾರರಿಗೂ ಹೋಗಬಹುದು. ಆದರೆ ಅದಕ್ಕೂ ಕಾಯ್ದೆ ಮೂರು ಕಿಟಕಿ ಇಟ್ಟಿದೆ. ಎಷ್ಟು ವರ್ಷಕ್ಕೆ ಎಂದು ಬರೆದಿರದಿದ್ದರೆ ಐದು ವರ್ಷಕ್ಕೆ ಎಂದೇ ತಿಳಿಯಬೇಕು. ಎಲ್ಲಿಗೆ ಎಂದು ಬರೆದಿರದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಬಿಟ್ಟರೆ, ಬೇರೆ ರೀತಿ ಬರೆದುಕೊಂಡಿರದ ಹೊರತು, ಆ ಹಕ್ಕಿನ ಮಟ್ಟಿಗೆ ವರ್ಗಾವಣೆ ಬಿದ್ದುಹೋಗುತ್ತದೆ. ಹುಮನಾಬಾದಿನಲ್ಲೇ ಇನ್ನೊಬ್ಬರ ಕಥಾಸಂಕಲನ ಮೂರು ವರ್ಷದಿಂದ ಡಿಟಿಪಿ ಹಂತದಲ್ಲೇ ನಿಂತಿತ್ತು. ಅವರದು ಈ ಮೂರನೇ ಕಿಟಕಿ.

ಹಾಗಾದರೆ ಮುಳುಗಿದ್ದು ಏನು? ಕಾಗದ ಮುಳುಗಿತು. ಅಚ್ಚಾದ ಪ್ರತಿಗಳು ಪ್ರಕಾಶಕನವು. ರದ್ದಿಯವನು ತೂಗಿ ಒಯ್ದಾಗ ನಾವು ತಡೆಯಲಾರೆವು, ಮೊದಲೇ ಹೋಗಿ ಕೇಳಿದ್ದರೆ ಅದೇ ತೂಕದ ದರಕ್ಕೆ ಕೊಂಡು ತರಬಹುದಿತ್ತು. ಬಾಕಿ ಗೌರವಧನ ಮುಳುಗಿತು ಎಂದೇ ಬರೆದುಕೊಳ್ಳಿ. ಮುಖಪುಟದ ಚಿತ್ರ ನಮ್ಮದಲ್ಲ, ಕೇಳಿಯೇ ಬಳಸಬೇಕು. ಕೃತಿ ಮಾತ್ರ ಎಲ್ಲಿಗೂ ಹೋಗಿಲ್ಲ. ಲೇಖಕ ಸತ್ತು 60 ವರ್ಷದವರೆಗೆ ಅದು ಅವನ ಮನೆಯದು. ಪತ್ರದವನು ಮಾರಲು ಹೊರಟಿರುವುದು ಮಾಸ್ತರರ ಪೆಟ್ಟಿಗೆಯಲ್ಲೇ ಇರುವ ಸಾಮಾನನ್ನು, ಮಾಸ್ತರರಿಗೇ.

‘ಲೇಖಕರ ಹಿಸ್ಸೆ ಕೇವಲ 35,000 ರೂಪಾಯಿ. ಇದು ಖರ್ಚಲ್ಲ, ಹೂಡಿಕೆ. ತಮಗೆ 50 ಗೌರವ ಪ್ರತಿಗಳು.’

‘ಕೇವಲ’ ಎಂಬ ಶಬ್ದಕ್ಕೆ ಟೀಕೆ ಬೇಡ. ‘ಹಿಸ್ಸೆ’ಗೆ ಬೇಕು. ಹಿಸ್ಸೆ ಎಂದರೆ ಪಾಲು. ಇನ್ನೊಂದು ಪಾಲು ಯಾರದು, ಎಷ್ಟು? ಬರೆದಿಲ್ಲ. 35,000ವನ್ನು 50ರಿಂದ ಭಾಗಿಸಿದರೆ ಪ್ರತಿಗೆ 700. ಪುಸ್ತಕದ ಮುಖಬೆಲೆ 200. ತನ್ನ ಪುಸ್ತಕವನ್ನು ಮೂರೂವರೆ ಪಟ್ಟು ಬೆಲೆಗೆ ಕೊಳ್ಳುವ ಓದುಗ ಜಗತ್ತಿನಲ್ಲಿ ಒಬ್ಬನೇ ಇರುತ್ತಾನೆ, ಅವನೇ ಅದನ್ನು ಬರೆದವನು.

ಇಲ್ಲೊಂದು ಗಟ್ಟಿ ಪೂರ್ವಪಕ್ಷವಿದೆ. ಮಾಸ್ತರರೇ ಎತ್ತಿದರು: ‘ಹಳಕಟ್ಟಿಯವರು ಸ್ವಂತ ರೊಕ್ಕ ಹಾಕಲಿಲ್ಲೇನ್ರಿ? ಗಳಗನಾಥರು ಪುಸ್ತಕ ಹೊತ್ತುಕೊಂಡು ಊರೂರು ತಿರುಗಲಿಲ್ಲೇನು?’

ಹಾಕಿದರು, ತಿರುಗಿದರು. ಫಕೀರಪ್ಪ ಹಳಕಟ್ಟಿ ವಿಜಯಪುರದ ವಕೀಲರು. ಮನೆಮನೆಗಳಲ್ಲಿ ಕಟ್ಟಿಟ್ಟ ತಾಳೆಗರಿ ಬೇಡಿ ತಂದು ವಚನಗಳನ್ನು ಕೂಡಿಸಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಪ್ರೆಸ್ಸನ್ನು ನೆಚ್ಚಿ ಈ ಕೆಲಸ ಆಗದು ಎಂದು 1925ರಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ತೆಗೆದರು. ಕಲ್ಯಾಣದ ಹೆಸರು ಹೇಳಿ ಇವತ್ತು ನಾವು ಹಾಡುವ, ಭಾಷಣದಲ್ಲಿ ಎತ್ತುವ ಎಷ್ಟೋ ವಚನಗಳು ಆ ಒಂದು ಮನೆಯ ಬೆಲೆಗೆ ಉಳಿದವು.

ಆದರೆ ರೊಕ್ಕ ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸಿ ನೋಡಿ. ಹಳಕಟ್ಟಿಯವರ ರೊಕ್ಕ ಮೊಳೆಯಾಯಿತು, ಯಂತ್ರವಾಯಿತು, ಕಾಗದವಾಯಿತು. ಯಂತ್ರ ಅವರದು, ಅಚ್ಚಾದ ಪ್ರತಿ ಅವರದು, ಸಾಲವೂ ಅವರದು. ಕಾದಂಬರಿಕಾರ ಗಳಗನಾಥರ ತಲೆಯ ಮೇಲಿನ ಗಂಟಿನಲ್ಲಿದ್ದ ಪ್ರತಿಯೊಂದು ಪುಸ್ತಕವೂ ಗಳಗನಾಥರದು. ಸ್ವಯಂ ಪ್ರಕಾಶನ ಎಂದರೆ ಅದು. ಲೇಖಕನೇ ಪ್ರಕಾಶಕ, ನಷ್ಟವೂ ಅವನದು, ಮಾಲೂ ಅವನದು. ಪತ್ರದವನ ಏರ್ಪಾಡಿನಲ್ಲಿ ರೊಕ್ಕ ನಮ್ಮದು, ಪ್ರತಿಗಳು ಅವನವು, ಹಕ್ಕು ಅವನದು, ಮಾರಾಟವಾಗದಿದ್ದರೆ ನಾಚಿಕೆ ನಮ್ಮದು. ಲೇಖಕ ಪ್ರಕಾಶಕನಿಗೆ ಹಣ ಕೊಟ್ಟ ಕೂಡಲೆ ಆ ಪ್ರಕಾಶಕನ ಗಿರಾಕಿ ಓದುಗನಾಗಿ ಉಳಿಯುವುದಿಲ್ಲ. ಅವನ ವ್ಯಾಪಾರ ಅಲ್ಲಿಗೇ ಮುಗಿದಿರುತ್ತದೆ. ಪುಸ್ತಕ ಮಾರುವ ಕಷ್ಟವನ್ನು ಅವನು ಯಾಕೆ ಪಡಬೇಕು?

ಹಣ ಪಡೆದು ನೆಟ್ಟಗೆ ಕೆಲಸ ಮಾಡುವವರೂ ಇದ್ದಾರೆ. ನಾನೇ ಹಣ ಪಡೆದು ಪುಟ ಕಟ್ಟುತ್ತೇನೆ, ಅದಕ್ಕೆ ರಸೀದಿ ಕೊಡುತ್ತೇನೆ, ಫೈಲು ಕೊಡುತ್ತೇನೆ, ನನ್ನನ್ನು ಪ್ರಕಾಶಕ ಎಂದು ಕರೆದುಕೊಳ್ಳುವುದಿಲ್ಲ. ಸೇವೆಗೆ ಕೂಲಿ ಬೇರೆ. ಕೂಲಿಯನ್ನು ಗೌರವದ ಹೆಸರಲ್ಲಿ ಕೇಳುವುದು ಬೇರೆ. ಅಂದಹಾಗೆ, ಹಣ ಕಳಿಸಬೇಕಾದ ಯುಪಿಐ ಐಡಿ ಸಂಸ್ಥೆಯ ಹೆಸರಿನಲ್ಲಿರಲಿಲ್ಲ, ಯಾರದೋ ಸ್ವಂತ ಹೆಸರಿನಲ್ಲಿತ್ತು. ಸಾಲ ಕಂತಿನಲ್ಲಿ ತೀರಿಸಿದರೆ ಪ್ರತಿ ಕಂತನ್ನೂ ಕಾಗದದ ಬೆನ್ನಿಗೇ ಬರೆಯಬೇಕು, ಪೂರ್ತಿ ತೀರಿದ ಮೇಲೆ ಕಾಗದ ಹರಿಯಬೇಕು ಎಂಬುದು ಸ್ಮೃತಿಯ ಕಟ್ಟಳೆ. ವಾಟ್ಸಾಪಿಗೆ ಬೆನ್ನೆಲ್ಲಿದೆ? ಅಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬುದೇ ಹರಿದ ಕಾಗದ, ಅದೂ ಹಣ ಪಡೆದವನೇ ಹರಿದದ್ದು.

‘ಐಎಸ್‌ಬಿಎನ್, ಕಾಪಿರೈಟ್, 150 ದೇಶಗಳಲ್ಲಿ ಇ-ಪುಸ್ತಕ ಬಿಡುಗಡೆ ಸಂಪೂರ್ಣ ಉಚಿತ!’

ಫುಕಟ್ ಎಂಬುದನ್ನು ಒಂದೊಂದಾಗಿ ನೋಡೋಣ. ಐಎಸ್‌ಬಿಎನ್ ಅನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಎಲ್ಲರಿಗೂ ಶುಲ್ಕವಿಲ್ಲದೆ ಕೊಡುತ್ತದೆ. ಲೇಖಕ ತಾನೇ ಪ್ರಕಾಶಕನೆಂದು ಅರ್ಜಿ ಹಾಕಬಹುದು. ಕೆಲವು ವಾರ ಕಾಯಬೇಕು, ಅಷ್ಟೆ. ಆ 13 ಅಂಕಿ ಪುಸ್ತಕದ ಮನೆ ನಂಬರು ಇದ್ದಂತೆ. ಹಕ್ಕುಪತ್ರವಲ್ಲ, ಮೌಲ್ಯಮಾಪನವೂ ಅಲ್ಲ. ನಮ್ಮ ಕಾಲೇಜು ಮೇಷ್ಟ್ರುಗಳಿಗೆ ಇದರ ಮೇಲೆ ಅಷ್ಟು ಮೋಹ ಹುಟ್ಟಲು ಕಾರಣ 2010ರ ಯುಜಿಸಿ ನಿಯಮ. ಐಎಸ್‌ಬಿಎನ್ ಇರುವ ಪುಸ್ತಕಕ್ಕೆ ಬಡ್ತಿಯ ಅಂಕ ಎಂದಾದಾಗಿನಿಂದ, ಹಣ ಪಡೆದು ಪುಸ್ತಕ ಮಾಡಿಕೊಡುವ ಅಂಗಡಿಗಳಿಗೆ ಹಬ್ಬ. ಯಾರೂ ಓದದಿರಲಿ ಎಂದೇ ಅಚ್ಚಾದ ಪುಸ್ತಕಗಳನ್ನು ನಾನೂ ಕಟ್ಟಿದ್ದೇನೆ. ಪಾಪ ನನಗೂ ಉಂಟು.

ಕಾಪಿರೈಟ್ ಬರೆದ ಕ್ಷಣದಿಂದಲೇ ಇರುತ್ತದೆ. ನೋಂದಣಿ ಕಡ್ಡಾಯವಲ್ಲ, ಬೇಕೆಂದರೆ ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ.

150 ದೇಶಗಳ ಮಾತು ಕೇಳಿ ಮಾಸ್ತರರ ಮಗ, ಕಂಪ್ಯೂಟರ್ ಕಲಿತ ಹುಡುಗ, ಫೋನಿನಲ್ಲೇ ನಕ್ಕ. 2016ರ ಕೊನೆಯಲ್ಲಿ ಕಿಂಡಲ್ಲಿಗೆ ಭಾರತದ ಐದು ಭಾಷೆ ಬಂದವು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಂಕ್ತಿಯಲ್ಲಿರಲಿಲ್ಲ. 150 ದೇಶಕ್ಕೆ ಹೊರಟ ಪುಸ್ತಕ ಯಾವ ಬಾಗಿಲಿನಿಂದ ಹೊರಡುತ್ತದೆ ಎಂದು ಕೇಳುವ ಹಕ್ಕು ಕನ್ನಡಿಗನಿಗೆ ಹೆಚ್ಚೇ ಇದೆ.

ಪತ್ರ ಹೇಳದ ಒಂದು ಸಂಗತಿ ಇಲ್ಲೇ ಸೇರಿಸುತ್ತೇನೆ. 1954ರ ಕಾಯ್ದೆಯಂತೆ ಪ್ರಕಾಶಕ ತನ್ನ ಪ್ರತಿ ಪುಸ್ತಕವನ್ನೂ 30 ದಿನದೊಳಗೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೂ ಸ್ವಂತ ಖರ್ಚಿನಲ್ಲಿ ಕಳಿಸಬೇಕು. ತೀರಿಹೋದ ಆ ಪ್ರಕಾಶಕರು ಲೆಕ್ಕದಲ್ಲಿ ಸಡಿಲು, ಆದರೆ ಈ ಕಟ್ಟು ಮಾತ್ರ ತಪ್ಪದೆ ಅಂಚೆಗೆ ಹಾಕುತ್ತಿದ್ದರು. ನನ್ನ ಅಂಗಡಿಯ ಹುಡುಗನೇ ಒಯ್ಯುತ್ತಿದ್ದ. ರದ್ದಿಗೆ ಹೋದ ಪುಸ್ತಕದ ಒಂದು ಪ್ರತಿ ಹೂಗ್ಲಿ ದಂಡೆಯ ಊರಿನಲ್ಲಿ ಕೂತಿದೆ ಎಂದು ಹೇಳಿದಾಗ ಮಾಸ್ತರರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಪ್ರಶಸ್ತಿಗೂ ಕಳಿಸುವ ಜವಾಬ್ದಾರಿ ನಮ್ಮದು.’

‘ಕಳಿಸುವ’ ಎಂಬ ಕ್ರಿಯಾಪದವನ್ನು ಗಟ್ಟಿ ಹಿಡಿದುಕೊಳ್ಳಿ. ಕಳಿಸುತ್ತಾರೆ; ಆರಿಸುವವರು ಬೇರೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಎಂದು ನಾವೆಲ್ಲ ಕಟ್ಟುತ್ತೇವೆ. ಆ ಹಣ ಪುಸ್ತಕವಾಗಿ ತಿರುಗಿ ಬರುವುದು ಯಾವಾಗ ಎಂದು ಕಾದು ಕಾದೇ ಎಷ್ಟೋ ಸಣ್ಣ ಪ್ರಕಾಶಕರು ಸೋತರು. ಮಾಸ್ತರರ ಪ್ರಕಾಶಕರೂ ಅದೇ ಉದ್ರಿ ನಂಬಿ ಪ್ರೆಸ್ಸಿನಲ್ಲಿ ಉದ್ರಿ ಮಾಡಿದವರು. ಅವರನ್ನು ಕೆಡವಿದ ಅದೇ ಹಗ್ಗವನ್ನು ಈ ಪತ್ರ ಉಯ್ಯಾಲೆ ಎಂದು ತೋರಿಸುತ್ತಿದೆ. ಪ್ರಶಸ್ತಿಯ ಮಾತು ಬೇಡ. ಪ್ರವೇಶಧನ ಕೇಳುವ ಪ್ರಶಸ್ತಿಯ ಶಾಲು ಹೊದ್ದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅವರನ್ನೇ ಕೇಳಬಹುದು.

‘ಲೇಖಕರಿಗೆ ನಿವ್ವಳ ಆದಾಯದ ಶೇ. 70ರಷ್ಟು ಗೌರವಧನ.’

ಕನ್ನಡದಲ್ಲಿ ರೂಢಿ ಮುಖಬೆಲೆಯ ಶೇ. 10. ಹಾಗಾಗಿ 70 ಎಂದೊಡನೆ ಎದೆ ಉಬ್ಬುತ್ತದೆ. ‘ನಿವ್ವಳ’ ಎಂಬ ಮೂರಕ್ಷರ ಸೀಳಿ ನೋಡಿ. ಬೆಲೆ 200. ಮಾರುವವನ ಕಮಿಷನ್ ಶೇ. 40 ಎಂದರೆ 80 ಹೋಯಿತು, 120 ಉಳಿಯಿತು. ಅಚ್ಚಿನ ವೆಚ್ಚ 90 ಎಂದು ಕಳೆಯುತ್ತಾರೆ. ಅಚ್ಚಿನ ವೆಚ್ಚ ನಾವೇ ಕೊಟ್ಟಾಯಿತಲ್ಲ ಎಂದು ಕೇಳಬಾರದು. ಉಳಿದದ್ದು 30. ಅದರ ಶೇ. 70 ಎಂದರೆ 21 ರೂಪಾಯಿ. ಹಳೇ ಪದ್ಧತಿಯ ಶೇ. 10 ಎಂದರೆ 20. ಒಂದು ರೂಪಾಯಿಯ ಲಾಭಕ್ಕೆ 35,000 ಕಟ್ಟಿದಂತಾಯಿತು. ಆ 35,000 ತಿರುಗಿ ಬರಬೇಕಾದರೆ 1,667 ಪ್ರತಿ ಮಾರಬೇಕು. ಇಲ್ಲಿ ಮೊದಲ ಮುದ್ರಣವೇ 500, ಬಹಳವೆಂದರೆ 1,000.

ಮಾಸ್ತರರು ಗಣಿತವನ್ನೂ ಕಲಿಸಿದವರು. ಪೆನ್ನು ಕಸಿದುಕೊಂಡು ತಾವೇ ಇನ್ನೊಮ್ಮೆ ಭಾಗಿಸಿದರು.

‘ಷರತ್ತುಗಳು ಅನ್ವಯ: ಕೃತಿಯ ಸಕಲ ಹಕ್ಕುಗಳು ಶಾಶ್ವತವಾಗಿ ಪ್ರಕಾಶಕರದು. ವ್ಯಾಜ್ಯಗಳು ನಮ್ಮ ನಗರದ ನ್ಯಾಯಾಲಯಕ್ಕೆ ಒಳಪಟ್ಟಿವೆ.’

ಅಕ್ಷರ ಎಂಟು ಪಾಯಿಂಟಿಗೆ ಇಳಿದಿದೆ. ಡಿಟಿಪಿಯವನ ಕಣ್ಣಿಗೆ ಇದೇ ಸಾಕು: ಓದಲಿ ಎಂದು ಕೂಡಿಸಿದ ಅಕ್ಷರ ಇಷ್ಟು ಸಣ್ಣದಿರುವುದಿಲ್ಲ.

ಮೇಲಿನ ಸಾಲೊಂದರಲ್ಲಿ ಹಕ್ಕನ್ನು ‘ನಿಮಗೆ ಮರಳಿಸುವುದು ನಮ್ಮ ಹೊಣೆ’ ಎಂದಿದ್ದವರು ಇಲ್ಲಿಗೆ ಬರುವಷ್ಟರಲ್ಲಿ ‘ಸಕಲ ಹಕ್ಕು ಪ್ರಕಾಶಕರದು’ ಎಂದರು. ನಡುವೆ ಆದದ್ದು ಒಂದೇ, 35,000 ರೂಪಾಯಿ ಕೈ ಬದಲಾಯಿಸಿದ್ದು. ಹಳೇ ಪ್ರಕಾಶಕರು ಚಹಾ ಕುಡಿಸಿ ಕಾಗದ ಬರೆಸಿಕೊಳ್ಳದೆ ಬಿಟ್ಟಿದ್ದ ಹಕ್ಕನ್ನು ಇವರು ಮೊದಲ ಬಾರಿಗೆ ಬರೆಸಿಕೊಳ್ಳುತ್ತಿದ್ದಾರೆ. ಪ್ರಕಾಶನ ಮುಚ್ಚಿದಾಗ ಹೋಗದ ಹಕ್ಕು ಹೋಗುವುದು ಇಲ್ಲಿ ಸಹಿ ಹಾಕಿದಾಗ. ಆಮೇಲೂ ಬರೆದವನು ನಾನೇ ಎಂದು ಹೇಳಿಕೊಳ್ಳುವ ಹಕ್ಕು ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನಿಂದ ಉಳಿಯುತ್ತದೆ, ಹೇಳಿಕೊಂಡು ತಿರುಗಬಹುದು.

ನಗರದ ನ್ಯಾಯಾಲಯದ ಮಾತು ಹುಮನಾಬಾದಿನವನನ್ನು ಬಸ್ಸಿನ ಖರ್ಚಿನಲ್ಲೇ ಸೋಲಿಸುವ ಉಪಾಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬೀದರಿನ ಗ್ರಾಹಕ ಆಯೋಗಕ್ಕೆ ಹೋಗಲು ಹುಮನಾಬಾದಿನಿಂದ ಈಗ ರೈಲೂ ಇದೆ.

‘ಈ ಅವಕಾಶ ಈ ತಿಂಗಳ ಕೊನೆಯವರೆಗೆ ಮಾತ್ರ.’

ಯಾವ ತಿಂಗಳು? ಕಾಗದಕ್ಕೆ ತಾರೀಖೇ ಇಲ್ಲ. ಇದೇ ಪತ್ರ ನನ್ನ ಗೆಳೆಯನಿಗೆ ಯುಗಾದಿಗೂ ಬಂದಿತ್ತು, ನಾಗರಪಂಚಮಿಗೂ ಬಂತು.

‘ಇಂತಿ, ತಮ್ಮ ಅಕ್ಷರಬಂಧು.’

ಬರೆದ ಲೇಖಕನೂ ಕೊನೆಗೆ ತನ್ನ ಹೆಸರು ಹಾಕಬೇಕು ಎಂದಲ್ಲವೆ ಕಲ್ಯಾಣದ ಟೀಕಾಕಾರ ಹೇಳಿದ್ದು. ಬಂಧುವಿಗೆ ಹೆಸರಿಲ್ಲ, ಊರಿಲ್ಲ, ತಂದೆಯ ಹೆಸರು ಕೇಳುವುದಂತೂ ದೂರ. ಮಾಸ್ತರರು ಒಮ್ಮೆ ಪತ್ರವನ್ನು ಮೇಲಿನಿಂದ ಕೆಳಗೆ ಸರಿಸಿ, ‘ಭಾಷಾ ಚಲೋ ಅದ ನೋಡ್ರಿ, ಒಂದೂ ಕಾಗುಣಿತ ತಪ್ಪಿಲ್ಲ’ ಅಂದರು. ಶಿಕ್ಷಕರಿಗೆ ಮೆಚ್ಚುಗೆ ಎಲ್ಲಿ ಹುಟ್ಟುತ್ತದೋ ಹೇಳಲಾಗದು.

ಮಳೆ ನಿಂತಿರಲಿಲ್ಲ. ‘ಹಂಗಾದ್ರ ನನ್ನ ಪುಸ್ತಕ ಎಲ್ಲದ?’ ಎಂದು ಕೇಳಿದರು.

ಮೂಲೆಯಲ್ಲಿ ಧೂಳು ಹೊದ್ದ ಹಳೇ ಕಂಪ್ಯೂಟರು ಹಚ್ಚಿದೆ. ಪೇಜ್‌ಮೇಕರ್ ಫೈಲು, ನುಡಿ ಅಕ್ಷರ. ತೆರೆಯಲು ಐದು ನಿಮಿಷ ಸತಾಯಿಸಿ ತೆರೆಯಿತು. ಯುನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತುಗಳೆಲ್ಲ ಜಾಗ ಬಿಟ್ಟು ಮುಂದಕ್ಕೆ ಹಾರಿ ಕೂತಿದ್ದವು: ‘ಧರ್ಮ’ ಹೋಗಿ ‘ಧಮರ್’, ‘ಕರ್ಮ’ ಹೋಗಿ ‘ಕಮರ್’. ಮೊದಲ ಹತ್ತು ಪುಟ ತೆಗೆದು ಕೈಗೆ ಕೊಟ್ಟೆ. ಮಾಸ್ತರರು ಕನ್ನಡಕ ಒರೆಸಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, ‘ಧಮರ್ ಅಂದ್ರ ಯಾವೂರಾಂವ ಇಂವ?’ ಎಂದು ಗೀಟು ಹಾಕಿದರು. ಕೊನೆಯ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು.